‘ಜೂಬಿಲಿ’ ಚಲಚ್ಚಿತ್ರ ಮತ್ತು ಮಾರಾಟಕ್ಕೊಳಗಾದ ಬಂಡಾಯ

1977ರಲ್ಲಿ ಬ್ರಿಟನ್ನು ಎರಡನೆಯ ಎಲಿಜಬೆತ್ ರಾಣಿಯ ಆಳಿಕೆಯ ರಜತೋತ್ಸವವನ್ನು ಆಚರಿಸಿತು. ಹಿಂದಿನ ವರ್ಷವಷ್ಟೇ ಆ ದೇಶದ ಸರ್ಕಾರವು ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಸಾಲ ಬೇಡಿತ್ತು. ನಿರುದ್ಯೋಗವು ತರುಣರನ್ನು ಕಂಗೆಡಿಸಿತ್ತು. ಉತ್ಸವಕ್ಕೂ ಬಡತನಕ್ಕೂ ನಡುವಣ ಈ ಅಂತರದಲ್ಲಿಯೇ ಪಂಕ್ ರಾಕ್ ಎಂಬ ಸಂಗೀತವು ಬಲಗೊಂಡಿತು. ಕರ್ಕಶ ಕಂಠ, ಹರಿದ ಉಡುಪು, ನಯವನ್ನು ಬೇಕೆಂದೇ ತೊರೆದ ವಾದನ, ಇವು ಅದರ ಲಕ್ಷಣಗಳು. ಡೆರೆಕ್ ಜಾರ್ಮನ್ ನಿರ್ದೇಶಿಸಿದ ‘ಜೂಬಿಲಿ’ (1978) ಈ ಸನ್ನಿವೇಶದ ಕೃತಿ.

ಇದರ ಕಥೆಯ ಚೌಕಟ್ಟು ವಿಲಕ್ಷಣವಾದುದು. ಒಂದನೆಯ ಎಲಿಜಬೆತ್ ರಾಣಿಯು ವಿದ್ವಾಂಸ ಜಾನ್ ಡೀಯ ಮಂತ್ರಬಲದಿಂದ ನಾಲ್ಕು ಶತಮಾನಗಳಾಚೆಯ ತನ್ನ ನಾಡನ್ನು ಕಾಣುತ್ತಾಳೆ. ಅಲ್ಲಿ ಆಳುವ ರಾಣಿ ಕೊಲೆಯಾಗಿದ್ದಾಳೆ, ಬೀದಿಗಳು ಪಾಳುಬಿದ್ದಿವೆ, ಹಿಂಸೆಯೇ ವಿನೋದವಾಗಿದೆ. ಅಲ್ಲಿಯ ಪುಂಡ ತರುಣಿಯರ ಗುಂಪಿನಲ್ಲಿ ಒಬ್ಬಳು ಇತಿಹಾಸವನ್ನು ಬರೆಯುತ್ತಿರುವವಳೆಂಬುದು ನಮ್ಮಂಥವರಿಗೆ ಗಮನಾರ್ಹ. ಬಕಿಂಗ್‌ಹ್ಯಾಮ್ ಅರಮನೆಯು ಬೋರ್ಜಿಯಾ ಗಿಂಜ್ ಎಂಬ ಧನಿಕನ ಧ್ವನಿಮುದ್ರಣಾಲಯವಾಗಿದೆ. ಗೆಳೆಯರನ್ನು ಕೊಂದ ಪೊಲೀಸರ ಮೇಲೆ ಸೇಡು ತೀರಿಸಿಕೊಂಡ ತರುಣಿಯರೇ ಕಡೆಗೆ ಅವನೊಡನೆ ಡಾರ್ಸೆಟ್ಟಿಗೆ ತೆರಳುತ್ತಾರೆ. ಅದು ಉಳ್ಳವರಿಗಾಗಿ ಕಾವಲಿಟ್ಟ ಪ್ರಾಂತ; ಅಲ್ಲಿ ವೃದ್ಧ ಹಿಟ್ಲರನೂ ನೆಮ್ಮದಿಯಾಗಿದ್ದಾನೆ.

ಭವಿಷ್ಯವಾಣಿಯೆಂದು ಬಗೆದರೆ ಈ ಚಿತ್ರ ಸುಳ್ಳಾಯಿತು: ಎರಡನೆಯ ಎಲಿಜಬೆತ್ 2022ರವರೆಗೂ ಆಳಿದಳು. ಆದರೆ ಬಂಡಾಯವನ್ನು ಹತ್ತಿಕ್ಕುವುದಕ್ಕಿಂತ ಕೊಂಡುಕೊಳ್ಳುವುದು ಸುಲಭವೆಂಬ ಅದರ ಅರಿವು ಸುಳ್ಳಾಗಲಿಲ್ಲ. ಚಿತ್ರದಲ್ಲಿ ನಟಿಸಿದ ಆಡಮ್ ಆಂಟ್ ಕೆಲವೇ ವರ್ಷಗಳಲ್ಲಿ ಜನಪ್ರಿಯ ಗಾಯಕನಾದನು. ಥೇಮ್ಸ್ ನದಿಯ ದಕ್ಷಿಣ ದಡದ ಪಾಳು ಉಗ್ರಾಣಗಳು ಧನಿಕರ ವಸತಿಗಳಾದವು. ಪಂಕ್ ಉಡುಪುಗಳ ವಿನ್ಯಾಸಕಿ ವಿವಿಯನ್ ವೆಸ್ಟ್‌ವುಡ್ ಚಿತ್ರವನ್ನು ಖಂಡಿಸಿದ್ದು ಒಂದು ಬಹಿರಂಗ ಪತ್ರದಿಂದ. ಆ ಪತ್ರ ಅಚ್ಚಾದದ್ದು ಅಂಗಿಯ ಮೇಲೆ! ಖಂಡನೆಯೂ ತೊಡುವ ವಸ್ತುವಾಯಿತು.

ಇಷ್ಟರಿಂದ ಪ್ರತಿಭಟನೆಯೆಲ್ಲ ವ್ಯರ್ಥವೆಂದು ತೀರ್ಮಾನಿಸುವುದು ಸರಿಯಲ್ಲ. 2017ರಲ್ಲಿ ಮ್ಯಾಂಚೆಸ್ಟರಿನಲ್ಲಿ ಈ ಕಥೆ ರಂಗಕ್ಕೆ ಬಂದಾಗ, ಚಿತ್ರದಲ್ಲಿ ಪುಂಡ ತರುಣಿಯಾಗಿದ್ದ ಟೋಯಾ ವಿಲ್ಕಾಕ್ಸ್ ಒಂದನೆಯ ಎಲಿಜಬೆತ್ತಳ ಪಾತ್ರ ವಹಿಸಿದಳು. ಒಂದು ತಲೆಮಾರಿನ ಕೋಪವನ್ನು ಮತ್ತೊಂದು ತಲೆಮಾರು ತನ್ನ ಪ್ರಶ್ನೆಗಳೊಡನೆ ಮರಳಿ ಓದಿತು. ಇತಿಹಾಸದ ವಿದ್ಯಾರ್ಥಿಯೂ ಮಾಡಬೇಕಾದುದು ಇದನ್ನೇ. ಬಂಡಾಯದ ಘೋಷಣೆಯನ್ನು ಓದಿದರೆ ಸಾಲದು. ಅದನ್ನು ಯಾರು ಅಚ್ಚು ಹಾಕಿದರು, ಯಾರು ಮಾರಿದರು, ಲಾಭ ಯಾರ ಕೈ ಸೇರಿತು ಎಂಬುದನ್ನೂ ವಿಚಾರಿಸಬೇಕು.