ಹೈವೇಲಿ 28 ಮೈಲೇಜ್ ಸಿಗುತ್ತಾ? ಹೈಬ್ರಿಡ್ ಕಾರು ಬುಕ್ ಮಾಡೋ ಮುಂಚೆ ಈ ಲೆಕ್ಕ ಹಾಕಿ

ಹಿರಿಯೂರು: ವಾರಕ್ಕೊಂದು ಸಲ ಬೆಂಗಳೂರಿನ ಚಿಕ್ಕಪೇಟೆಗೋ, ಯಶವಂತಪುರದ ಮಂಡಿಗೋ ಹೋಗಿ ಬರುವ ವ್ಯಾಪಾರಸ್ಥರು ತಾಲ್ಲೂಕಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೋಗಿ ಬಂದರೆ ಹತ್ತಿರ ಹತ್ತಿರ 320 ಕಿ.ಮೀ. ಪೆಟ್ರೋಲ್ ರೇಟು ನೂರು ದಾಟಿದ ಮೇಲೆ ಹಲವರ ಕಣ್ಣು ಹೈಬ್ರಿಡ್ ಕಾರಿನ ಮೇಲೆ ಬಿದ್ದಿದೆ. ಕಂಪನಿ ಹೇಳೋ ಮೈಲೇಜ್ ಲೀಟರ್‌ಗೆ 27.97 ಕಿ.ಮೀ. ಅಂತ ಇದ್ದರೆ ಯಾರಿಗೆ ಆಸೆ ಆಗಲ್ಲ?

ಆದರೆ ಅದೇ ಕಾರನ್ನು ನೂರರ ಸ್ಪೀಡಲ್ಲಿ ಬೆಂಗಳೂರಿಗೆ ಓಡಿಸಿದರೆ ಆ ನಂಬರ್ ಸಿಗಲ್ಲ. ಕಾರು ಕೆಟ್ಟಿದೆ ಅಂತಲ್ಲ. ಹೈಬ್ರಿಡ್ ಕಾರು ಹೆಚ್ಚು ಉಳಿಸೋದು ಊರೊಳಗಿನ ಓಡಾಟದಲ್ಲಿ. ಹೈವೇಲಿ ಉಳಿತಾಯ ಇದೆ, ಆದರೆ ಕಡಿಮೆ. ಎರಡು-ಮೂರು ಲಕ್ಷ ಜಾಸ್ತಿ ಕೊಟ್ಟು ತಗೊಳ್ಳೋರು ಇದನ್ನು ಮೊದಲೇ ತಿಳ್ಕೊಂಡಿದ್ರೆ ಒಳ್ಳೇದು.

ಮೊದಲು, ಯಾವ ಹೈಬ್ರಿಡ್?

ಹೈಬ್ರಿಡ್ ಅಂತ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಮೈಲ್ಡ್ ಹೈಬ್ರಿಡ್ ಅನ್ನೋದರಲ್ಲಿ ಸಣ್ಣ ಮೋಟಾರು ಇಂಜಿನ್‌ಗೆ ಸ್ವಲ್ಪ ಕೈ ಜೋಡಿಸುತ್ತೆ ಅಷ್ಟೇ. ಬರೀ ಕರೆಂಟಲ್ಲಿ ಕಾರು ಓಡಲ್ಲ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಮಾತ್ರ ಇಂಜಿನ್ ಆಫ್ ಆಗಿ, ಮೋಟಾರೇ ಚಕ್ರ ತಿರುಗಿಸುತ್ತೆ.

ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೋಟಾ ಹೈರೈಡರ್ ಎರಡರಲ್ಲೂ ಸ್ಟ್ರಾಂಗ್ ಹೈಬ್ರಿಡ್ ಮಾಡೆಲ್ಲಿಗೆ ಕಂಪನಿ ಹೇಳೋದು 27.97. ಅದೇ ಕಾರಿನ ಮೈಲ್ಡ್ ಹೈಬ್ರಿಡ್ ಗೇರ್ ಮಾಡೆಲ್ಲಿಗೆ ಸುಮಾರು 21. ನಮ್ಮ ಬಿಡದಿಯಲ್ಲೇ ತಯಾರಾಗೋ ಇನ್ನೋವಾ ಹೈಕ್ರಾಸ್‌ನಲ್ಲಿ ಹೈಬ್ರಿಡ್‌ಗೆ 23.24, ಬರೀ ಪೆಟ್ರೋಲ್ ಮಾಡೆಲ್ಲಿಗೆ 16.13.

ಈ ನಂಬರ್ ಬರೋದು ಎಲ್ಲಿಂದ?

ಲ್ಯಾಬಿನಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸ್ತಾರೆ. ಸುಮಾರು 20 ನಿಮಿಷದ ಟೆಸ್ಟು. ಅದರಲ್ಲಿ ಮೂರರಲ್ಲಿ ಎರಡು ಭಾಗ ಸಮಯ ಊರೊಳಗೆ ಓಡಿಸಿದ ಹಾಗೆ: ನಿಲ್ಲಿಸು, ಹೊರಡು, ಮತ್ತೆ ನಿಲ್ಲಿಸು. ಸರಾಸರಿ ಸ್ಪೀಡು ಗಂಟೆಗೆ 32 ಕಿ.ಮೀ. ಆಸುಪಾಸು. ಅತಿ ಹೆಚ್ಚು ಅಂದ್ರೆ 90, ಅದೂ ಸ್ವಲ್ಪ ಹೊತ್ತು. ಏಸಿ ಆನ್ ಇರಲ್ಲ. ಅಂದರೆ ಇದು ಹೈವೇ ಟೆಸ್ಟೇ ಅಲ್ಲ.

ಊರೊಳಗೆ ಉಳಿಯೋದು ಹೇಗೆ?

ಮಾಮೂಲಿ ಕಾರು ಸಿಗ್ನಲ್‌ನಲ್ಲಿ ನಿಂತಾಗಲೂ ಪೆಟ್ರೋಲ್ ಕುಡಿಯುತ್ತೆ. ಬ್ರೇಕ್ ಒತ್ತಿದಾಗ ಕಾರಿನ ವೇಗವೆಲ್ಲ ಬ್ರೇಕ್ ಪ್ಯಾಡಿನ ಬಿಸಿಯಾಗಿ ಹೋಗುತ್ತೆ. ಹೈಬ್ರಿಡ್‌ನಲ್ಲಿ ನಿಂತಾಗ ಇಂಜಿನ್ ಬಂದ್. ಬ್ರೇಕ್ ಒತ್ತಿದಾಗ ಮೋಟಾರು ಡೈನಮೋ ಥರ ತಿರುಗಿ ಬ್ಯಾಟರಿಗೆ ಚಾರ್ಜ್ ತುಂಬುತ್ತೆ. ಮತ್ತೆ ಹೊರಡೋವಾಗ ಅದೇ ಕರೆಂಟು ಉಪಯೋಗಕ್ಕೆ ಬರುತ್ತೆ.

ಸಿರಾ ದಾಟಿ ತುಮಕೂರು ಕಡೆ ಒಂದೇ ಸಮನೆ ಹೋಗ್ತಾ ಇದ್ದರೆ? ಬ್ರೇಕೇ ಇಲ್ಲ, ಸಿಗ್ನಲ್ಲೂ ಇಲ್ಲ. ಉಳಿಸೋಕೆ ಏನೂ ಸಿಗಲ್ಲ. ಹೈರೈಡರ್ ಬ್ಯಾಟರಿ 0.76 ಕಿಲೋವ್ಯಾಟ್ ಅವರ್, ಅಂದ್ರೆ ಬೆಸ್ಕಾಂ ಬಿಲ್ಲಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್. ನೂರರ ಸ್ಪೀಡಲ್ಲಿ ಅಷ್ಟು ಕರೆಂಟಿನಿಂದ ನಾಲ್ಕೈದು ಕಿ.ಮೀ. ದಾಟೋದೂ ಕಷ್ಟ. ಉಳಿದ ದಾರಿಯೆಲ್ಲ ಪೆಟ್ರೋಲ್ ಇಂಜಿನ್ನೇ ದುಡೀಬೇಕು.

ಹಾಗಂತ ಹೈವೇಲಿ ಲಾಭವೇ ಇಲ್ಲ ಅಂತಲ್ಲ. ಈ ಕಾರುಗಳಿಗೆ ಹಾಕೋ ಇಂಜಿನ್ನೇ ಕಡಿಮೆ ಪೆಟ್ರೋಲ್ ಕುಡಿಯೋ ಥರದ್ದು. ಆಕ್ಸಿಲರೇಟರ್ ಸಡಿಲ ಬಿಟ್ಟಾಗ, ಇಳಿಜಾರಿನಲ್ಲಿ ಇಂಜಿನ್ ಆಫ್ ಆಗುತ್ತೆ. ಚಾರ್ಮಾಡಿ, ಆಗುಂಬೆ ಘಾಟಿ ಇಳಿಯೋವಾಗ ಬ್ಯಾಟರಿ ತುಂಬುತ್ತೆ. ಆದರೆ ಚಿಕ್ಕ ಬ್ಯಾಟರಿ, ಬೇಗ ಫುಲ್ ಆಗುತ್ತೆ. ಆಮೇಲಿನ ಇಳಿಜಾರು ಲೆಕ್ಕಕ್ಕಿಲ್ಲ.

ನಿಜವಾದ ಶತ್ರು ಗಾಳಿ

ಸ್ಪೀಡ್ ಜಾಸ್ತಿ ಆದಷ್ಟೂ ಗಾಳಿ ಕಾರನ್ನು ಹಿಂದಕ್ಕೆ ತಳ್ಳುತ್ತೆ. ಸ್ಪೀಡು ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. 80ರಿಂದ 100ಕ್ಕೆ ಏರಿದರೆ ಸ್ಪೀಡು ಕಾಲು ಭಾಗ ಹೆಚ್ಚಿದ್ದಷ್ಟೇ, ಗಾಳಿಯ ತಡೆ ಮಾತ್ರ ಒಂದೂವರೆ ಪಟ್ಟಿಗಿಂತ ಜಾಸ್ತಿ. ಮೋಟಾರು, ಬ್ಯಾಟರಿ ಏನಿದ್ದರೂ ಈ ತಡೆ ಕಡಿಮೆ ಆಗಲ್ಲ.

ಆಷಾಢದಲ್ಲಿ ನಮ್ಮ ಜಿಲ್ಲೆಯ ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಬಿರುಸಾಗಿ ತಿರುಗೋ ದಿನ ನೆನಪಿಸ್ಕೊಳ್ಳಿ. ಪಶ್ಚಿಮದ ಗಾಳಿ, ಬೆಂಗಳೂರಿಂದ ವಾಪಸ್ ಬರೋವಾಗ ಎದುರಿಗೇ ಸಿಗುತ್ತೆ. ಎದುರುಗಾಳಿ 20ರ ವೇಗದಲ್ಲಿದ್ದರೆ, ನೀವು 80ರಲ್ಲಿ ಬಂದರೂ ಕಾರಿಗೆ 100ರ ಗಾಳಿ ಹೊಡೆದ ಹಾಗೆ. ಹೋಗೋವಾಗ ಸಿಕ್ಕ ಮೈಲೇಜ್ ಬರೋವಾಗ ಸಿಗದೇ ಇರೋಕೆ ಇದೂ ಒಂದು ಕಾರಣ. ಮೇಲೆ ಕ್ಯಾರಿಯರ್ ಕಟ್ಟಿ ಮಾಲು ಹೇರಿದರೆ ಇನ್ನೂ ಇಳಿಯುತ್ತೆ.

ಹಿರಿಯೂರಿಂದ ಬೆಂಗಳೂರಿಗೆ 160 ಕಿ.ಮೀ. ಒಂದೇ ಸಮನೆ 80ರಲ್ಲಿ ಹೋದರೆ ಎರಡು ಗಂಟೆ. ನೂರರಲ್ಲಿ ಹೋದರೆ 24 ನಿಮಿಷ ಉಳಿಯುತ್ತೆ. ಆ 24 ನಿಮಿಷದ ಬೆಲೆ ಪೆಟ್ರೋಲ್‌ನಲ್ಲಿ ಕಟ್ಟಬೇಕು.

ರೂಪಾಯಿ ಲೆಕ್ಕ

ಈಗ ಅಂಗಡಿ ಲೆಕ್ಕಕ್ಕೆ ಬರೋಣ. ಇಲ್ಲಿನ ಮೈಲೇಜ್ ನಂಬರ್‌ಗಳು ಉದಾಹರಣೆಗೆ ಅಷ್ಟೇ, ನಿಮ್ಮ ಕಾರಿನದ್ದು ಹಾಕಿ ನೋಡ್ಕೊಳ್ಳಿ. ಪೆಟ್ರೋಲ್ 103 ರೂಪಾಯಿ ಅಂತಲೂ, ಹೈಬ್ರಿಡ್‌ಗೆ ಎರಡೂವರೆ ಲಕ್ಷ ಜಾಸ್ತಿ ಅಂತಲೂ ಇಟ್ಕೊಳ್ಳಿ.

ಹೈವೇಲಿ: ಮಾಮೂಲಿ ಕಾರು 16, ಹೈಬ್ರಿಡ್ 20 ಕೊಡ್ತು ಅಂದ್ಕೊಳ್ಳಿ. ನೂರು ಕಿ.ಮೀ.ಗೆ ಆರೂಕಾಲು ಲೀಟರ್ ಬದಲು ಐದು ಲೀಟರ್. ಉಳಿದದ್ದು ಒಂದೂಕಾಲು ಲೀಟರ್, ಸುಮಾರು 129 ರೂಪಾಯಿ. ಎರಡೂವರೆ ಲಕ್ಷ ವಾಪಸ್ ಬರೋಕೆ 1 ಲಕ್ಷ 94 ಸಾವಿರ ಕಿ.ಮೀ. ಓಡಬೇಕು. ವಾರಕ್ಕೊಂದು ಬೆಂಗಳೂರು ಟ್ರಿಪ್ಪಿನ ಲೆಕ್ಕದಲ್ಲಿ 12 ವರ್ಷ!

ಊರೊಳಗೆ: ಮಾಮೂಲಿ ಕಾರು 10, ಹೈಬ್ರಿಡ್ 20. ನೂರು ಕಿ.ಮೀ.ಗೆ ಐದು ಲೀಟರ್ ಉಳೀತು, ಅಂದ್ರೆ 515 ರೂಪಾಯಿ. ಅದೇ ಎರಡೂವರೆ ಲಕ್ಷ 48,500 ಕಿ.ಮೀ.ಗೇ ಗಿಟ್ಟುತ್ತೆ.

ಬೆಂಗಳೂರು ಟ್ರಾಫಿಕ್ಕಲ್ಲಿ ದಿನಾ ಓಡಾಡೋರಿಗೂ, ನಮ್ಮ ಕಡೆ ಹೈವೇಲೇ ಓಡಾಡೋರಿಗೂ ಇರೋ ವ್ಯತ್ಯಾಸ ಇದೇ. ಅಲ್ಲಿನ ನೆಂಟರು ಹೊಗಳಿದರು ಅಂತ ಇಲ್ಲಿ ತಗೊಂಡರೆ ಲೆಕ್ಕ ತಪ್ಪುತ್ತೆ. ಹೈವೇನೇ ಜಾಸ್ತಿ ಇರೋರು ಡೀಸೆಲ್ ಮಾಡೆಲ್ಲನ್ನೂ ಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು. ಮೈಲೇಜ್ ಬಿಟ್ಟು ಆಟೋಮ್ಯಾಟಿಕ್ ಗೇರ್, ಸದ್ದಿಲ್ಲದ ಓಟ ಬೇಕು ಅನ್ನೋರ ಲೆಕ್ಕ ಬೇರೆ. ಬ್ಯಾಟರಿ ಚಿಂತೆ ಇದ್ದರೆ, ಟೊಯೋಟಾ ಕೊಡೋ ಹೈಬ್ರಿಡ್ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು.

ಕೈಯಲ್ಲಿ ಕಾರು ಇದ್ದರೆ

ಡ್ಯಾಶ್‌ಬೋರ್ಡ್ ತೋರಿಸೋ ಮೈಲೇಜ್ ಒಂದನ್ನೇ ನಂಬಬೇಡಿ. ಟ್ಯಾಂಕ್ ಫುಲ್ ಮಾಡಿ, ಆಟೋಕಟ್ ಆದಾಗ ನಿಲ್ಲಿಸಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಬೆಂಗಳೂರಿಗೆ ಹೋಗಿ ಬಂದು ಅದೇ ಬಂಕಲ್ಲಿ ಮತ್ತೆ ಆಟೋಕಟ್‌ವರೆಗೆ ಹಾಕಿಸಿ. ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರ್‌ನಿಂದ ಭಾಗಿಸಿ. ಮೂರು ಟ್ರಿಪ್ ಹೀಗೆ ಬರೆದಿಟ್ಟರೆ ನಿಜ ಗೊತ್ತಾಗುತ್ತೆ. ಈಗ ಬಂಕುಗಳಲ್ಲಿ ಸಿಗೋದು ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಹಾಗಾಗಿ ಯಾವ ಕಾರಿಗಾದರೂ ಸ್ವಲ್ಪ ಮೈಲೇಜ್ ಇಳಿಯುತ್ತೆ.

ಮೈಲೇಜ್ ಏರಿಸೋಕೆ ದುಡ್ಡು ಖರ್ಚಿಲ್ಲದ ದಾರಿಯೂ ಇದೆ: ಹೊರಡೋ ಮುಂಚೆ ಟೈರಿಗೆ ಸರಿಯಾಗಿ ಗಾಳಿ, ಖಾಲಿ ಇದ್ದಾಗ ಕ್ಯಾರಿಯರ್ ಬಿಚ್ಚಿಡೋದು, ನೂರರ ಬದಲು 80-85ರಲ್ಲಿ ಒಂದೇ ಸಮನೆ ಓಟ. ಇದಕ್ಕೆ ಹೈಬ್ರಿಡ್ಡೇ ಬೇಕು ಅಂತಿಲ್ಲ, ಈಗಿರೋ ಹಳೇ ಕಾರಲ್ಲೂ ನಾಳೆಯಿಂದಲೇ ಶುರು ಮಾಡಬಹುದು.