ಚಿಕ್ಕದೇವರಾಜ ಒಡೆಯರು ಪ್ರಜಾಪೀಡಕರೇ?

ಇಂಗ್ಲೆಂಡಿನ ಒಂದನೆಯ ಚಾರಲ್ಸ್ ದೊರೆ 1629ರಿಂದ 1640ರವರೆಗೆ ಪಾರ್ಲಿಮೆಂಟನ್ನು ಕರೆಯದೆ ರಾಜ್ಯವಾಳಿದನು. ಹಡಗಿನ ತೆರಿಗೆಯೆಂದು ಕಡಲನ್ನೇ ಕಾಣದ ಊರುಗಳಿಂದಲೂ ಹಣವೆತ್ತಿದನು. 1649ರಲ್ಲಿ ತಲೆದಂಡ ತೆತ್ತನು. ಅವನು ಪ್ರಜಾಪೀಡಕನೇ ಎಂದು ಕೇಳಿದರೆ ನಮ್ಮ ಬಿಳಿಗೆರೆಯ ಕಡೆಯ ಹುಡುಗರು ಹೌದೆಂದು ಒಂದೇ ಉಸಿರಿಗೆ ಕೂಗುತ್ತಾರೆ. ಅದೇ ಶತಮಾನದ ನಮ್ಮ ಅರಸರೊಬ್ಬರ ವಿಷಯವಾಗಿ ಅದೇ ಪ್ರಶ್ನೆ ಹಾಕಿದರೆ ತರಗತಿಯಲ್ಲಿ ಸದ್ದಿಲ್ಲ. ವಾಚಕ ಮಹಾಶಯರೇ, ತಾವೇನು ಹೇಳುವಿರಿ?

1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಮೇಲೆ ತೀರ್ಪು ಕೊಡುವುದು ನನ್ನಂಥ ಕನ್ನಡ ಪಂಡಿತನಿಗೆ ಕಷ್ಟವೇ ಸರಿ. ತಿರುಮಲಾರ್ಯ, ಸಿಂಗರಾರ್ಯ, ಸಂಚಿಯ ಹೊನ್ನಮ್ಮ, ಇವರೆಲ್ಲ ಆ ಆಸ್ಥಾನದ ನೆರಳಿನಲ್ಲಿ ಬರೆದವರು. ಅವರ ಪಾಠ ಹೇಳಿಯೇ ನಾನು ಅನ್ನ ಉಂಡವನು. ಬೆಂಗಳೂರನ್ನು ಮೊಗಲರ ಸೇನಾನಿಯಿಂದ ಮೂರು ಲಕ್ಷ ರೂಪಾಯಿಗೆ ಕೊಂಡವರೂ, ಆಡಳಿತವನ್ನು ಹದಿನೆಂಟು ಕಚೇರಿಗಳಾಗಿ ಹಂಚಿದವರೂ ಈ ಅರಸರೇ. ‘ನವಕೋಟಿ ನಾರಾಯಣ’ನೆಂಬ ಬಿರುದು ಬೇರೆ.

ಆ ಕೋಟಿಗಳು ಬಂದುದೆಲ್ಲಿಂದ? ಬೆಳೆಯ ಆರನೆಯ ಒಂದು ಪಾಲು ಅರಸನದೆಂಬುದು ಧರ್ಮಶಾಸ್ತ್ರದ ಮಾತು. ಅದನ್ನು ಬಹಿರಂಗವಾಗಿ ಏರಿಸಿದರೆ ಅಪಕೀರ್ತಿ. ಆದ್ದರಿಂದ ಪಾಲನ್ನು ಹಾಗೆಯೇ ಬಿಟ್ಟು, ಮನೆಗೊಂದು, ಹುಲ್ಲಿಗೊಂದು, ಮದುವೆಗೊಂದು ಎಂದು ಚಿಲ್ಲರೆ ತೆರಿಗೆಗಳನ್ನು ಹೇರಿದರೆಂದು ಕರ್ನಲ್ ವಿಲ್ಕ್ಸ್ ಬರೆಯುತ್ತಾನೆ. ಅಂಚೆಯವರು ಕಾಗದದ ಜೊತೆಗೆ ಊರಿನ ಗುಟ್ಟನ್ನೂ ಅರಮನೆಗೆ ಒಯ್ಯುತ್ತಿದ್ದರಂತೆ.

ಆಗ ರೈತರು ಮಾಡಿದ್ದೇನು? ನೇಗಿಲನ್ನು ತಲೆಕೆಳಗುಮಾಡಿ ಊರಬಾಗಿಲ ಮರಕ್ಕೆ ತೂಗುಹಾಕಿದರು. ಉಳುವವನು ನೇಗಿಲನ್ನು ಮರಕ್ಕೇರಿಸುವುದೆಂದರೆ ಆ ವರ್ಷದ ಅನ್ನವನ್ನೇ ಪಣವೊಡ್ಡಿದಂತೆ. ಇದಕ್ಕಿಂತ ಸ್ಪಷ್ಟವಾದ ಅರ್ಜಿಯನ್ನು ನಾನು ಕಂಡಿಲ್ಲ. ಅವರಿಗೆ ಬೆಂಬಲವಾಗಿ ನಿಂತವರು ಜಂಗಮರು. ಅರಸರು ಜಂಗಮರನ್ನು ನಂಜನಗೂಡಿಗೆ ಮರ್ಯಾದೆಯಿಂದ ಬರಮಾಡಿಕೊಂಡು, ಒಬ್ಬೊಬ್ಬರನ್ನಾಗಿ ಒಳಗೆ ಕರೆದು, ನಾನೂರು ಮಂದಿಯನ್ನು ಕೊಲ್ಲಿಸಿ ಹೊಂಡಕ್ಕೆ ಹಾಕಿಸಿದರೆಂದೂ, ಏಳುನೂರಕ್ಕೆ ಮೇಲ್ಪಟ್ಟು ಮಠಗಳನ್ನು ಹಾಳುಗೆಡವಿದರೆಂದೂ ವಿಲ್ಕ್ಸನ ಕಥನ. ಮಂತ್ರಿ ವಿಶಾಲಾಕ್ಷ ಪಂಡಿತರ ಕೊಲೆಯೂ ಇದರ ಸೇಡೆಂದೇ ಅವನು ಹೇಳುತ್ತಾನೆ.

ವಿಲ್ಕ್ಸನ ಗ್ರಂಥದ ಮೊದಲ ಸಂಪುಟ ಅಚ್ಚಾದುದು 1810ರಲ್ಲಿ, ಅರಸರು ತೀರಿಕೊಂಡು ನೂರು ವರ್ಷಗಳ ಮೇಲೆ. ಕೇಳಿಕೆಯ ಮಾತು ನೂರು ವರ್ಷದಲ್ಲಿ ಬೆಳೆಯದಿರುವುದಿಲ್ಲ. ಆ ಸಂಖ್ಯೆಗಳನ್ನು ಸಂಶಯಿಸಿದವರ ಪಕ್ಷಕ್ಕೆ ನಾನೂ ಸೇರಿದವನು. ಆದರೆ ನಾನೂರರಲ್ಲಿ ಮುನ್ನೂರತೊಂಬತ್ತನ್ನು ಕಳೆದರೂ ಉಳಿದ ಹತ್ತು ತಲೆಗಳಿಗೆ ಉತ್ತರ ಹೇಳಬೇಕಷ್ಟೆ!

‘ಆ ಕಾಲದಲ್ಲಿ ಎಲ್ಲ ಅರಸರೂ ಹಾಗೆಯೇ’ ಎನ್ನುವಿರಾ? ಪಾರ್ಲಿಮೆಂಟು ಇರಲಿಲ್ಲವೆಂದು ನಾನೂ ಒಡೆಯರನ್ನು ದೂರಲಾರೆ. ಚಾರಲ್ಸನು ಇದ್ದ ಸಭೆಯನ್ನು ಮುಚ್ಚಿದನು; ಇಲ್ಲಿ ಮುಚ್ಚಲು ಸಭೆಯೇ ಇರಲಿಲ್ಲ. ರಂಗಾಚಾರ್ಲು ಅವರು ದಿವಾನರಾಗಿದ್ದಾಗ ಪ್ರಜಾಪ್ರತಿನಿಧಿ ಸಭೆ ಸೇರಿದ್ದು 1881ರಲ್ಲಿ. ಅದಕ್ಕೂ ಮೊದಲಿಗೆ ಅಹವಾಲು ಹೇಳಿಕೊಳ್ಳುವ ಹಕ್ಕಿತ್ತೇ ಹೊರತು ತೆರಿಗೆಯನ್ನು ತಡೆಯುವ ಅಧಿಕಾರವಿರಲಿಲ್ಲ. ಆದರೆ ಕಚೇರಿಗೆ ಹೆದರುವ ರೈತನು ಬಾಯಿಬಿಟ್ಟು ಮಾತಾಡಬಹುದಾಗಿದ್ದ ಒಂದೇ ಜಾಗ ಊರ ಮಠ. ಅದನ್ನು ಮುಚ್ಚಿಸಿದುದಕ್ಕಾಗಿ, ಆರನೆಯ ಪಾಲಿನ ಮರೆಯಲ್ಲಿ ಚಿಲ್ಲರೆ ತೆರಿಗೆ ಎತ್ತಿದುದಕ್ಕಾಗಿ, ಅವರದೇ ಕಾಲದ ಧರ್ಮಶಾಸ್ತ್ರದ ಅಳತೆಯಲ್ಲಿಯೇ ನಾನು ಅವರನ್ನು ಪ್ರಜಾಪೀಡಕರೆನ್ನುತ್ತೇನೆ. ಹಾಗೆಂದು ಹೇಳಿ, ಮರುದಿನ ಅದೇ ತರಗತಿಯಲ್ಲಿ ಹೊನ್ನಮ್ಮನ ಪಾಠವನ್ನು ಮುಂದುವರಿಸಿದೆ.