ನಂಬಿಕೆಗೆ ಜಾಮೀನು ಯಾರು?

ಬಸವನ ಬಾಗೇವಾಡಿಯಲ್ಲಿ ಯಾರನ್ನ ಕೇಳಿದರೂ ಬಸವಣ್ಣ ಹುಟ್ಟಿದ್ದು ಇಲ್ಲೇ ಅಂತಾರೆ. 'ನಿನಗ ಹ್ಯಾಂಗ ಗೊತ್ತು?' ಎಂದು ಮರುಪ್ರಶ್ನೆ ಹಾಕಿದರೆ ಮೂರು ಥರದ ಉತ್ತರ ಬರಬಹುದು. ಶಾಸನ ಐತಿ, ಪುರಾಣ, ವಚನ, ಊರ ಹೆಸರು ಎಲ್ಲಾ ಒಂದಕ್ಕೊಂದು ಕೂಡತಾವ, ಹಿರೇರು ಹೇಳಿಕೋತ ಬಂದಾರ. ನಂಬಿಕೆ ನಿಜವಾಗಿರುವುದು ಬೇರೆ, ಅದಕ್ಕೆ ತಕ್ಕ ಸಮರ್ಥನೆ ಇರುವುದು ಬೇರೆ. ಕಣ್ಣು ಮುಚ್ಚಿ ಎಸೆದ ಕಲ್ಲೂ ಒಮ್ಮೊಮ್ಮೆ ಗುರಿ ಮುಟ್ಟುತ್ತದೆ. ಅದನ್ನು ಅರಿವು ಎನ್ನಲಾಗದು. ಸಮರ್ಥನೆ ಎಂದರೇನು ಎಂಬುದಕ್ಕೆ ತತ್ವಶಾಸ್ತ್ರ ಕೊಟ್ಟ ಮುಖ್ಯ ಉತ್ತರಗಳು ಈ ಮೂರು ಮಾತುಗಳ ಹತ್ತಿರವೇ ಸುಳಿಯುತ್ತವೆ.

ಮೊದಲನೆಯದು ಬುನಾದಿವಾದ. ಒಂದು ನಂಬಿಕೆಗೆ ಇನ್ನೊಂದು ಆಧಾರ, ಅದಕ್ಕೆ ಮತ್ತೊಂದು. ಎಲ್ಲೋ ಒಂದು ಕಡೆ ಗಟ್ಟಿ ನೆಲ ಸಿಗಲೇಬೇಕು. ದೆಕಾರ್ತ್ ಹುಡುಕಿದ್ದು ಅದನ್ನೇ. ನಮ್ಮ ಉದಾಹರಣೆಯಲ್ಲಿ ಆ ನೆಲ 1260ರ ಅರ್ಜುನವಾಡ ಶಾಸನ ಎನ್ನಬಹುದು. ಬಸವರಾಜ ಬಾಗೇವಾಡಿಯ ಮಾದಿರಾಜನ ಮಗ ಎಂದು ಅದು ಹೇಳುತ್ತದೆ. ಆದರೆ ಕಲ್ಲನ್ನು ಸರಿಯಾಗಿ ಓದಿದ್ದೇವೆ, ಆ ಬಸವರಾಜನೇ ನಮ್ಮ ಬಸವಣ್ಣ ಎಂಬುದಕ್ಕೆ ಬೇರೆ ನಂಬಿಕೆಗಳು ಬೇಕು.

ಅಲ್ಲಿಗೆ ಎರಡನೆಯದು, ಹೊಂದಾಣಿಕೆವಾದ. ವಿಜಾಪುರದ ಕಮಾನುಗಳಲ್ಲಿ ಕಲ್ಲಿಗೆ ಕಲ್ಲೇ ಆಸರೆಯಾದಂತೆ ನಂಬಿಕೆಗಳು ಪರಸ್ಪರ ಎತ್ತಿಹಿಡಿಯುತ್ತವೆ. ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಪುರಾಣ, 1369ರ ಭೀಮಕವಿಯ ಪುರಾಣಗಳನ್ನು ಪಂಡಿತರು ಶಾಸನದ ಜೊತೆಗಿಟ್ಟು ನೋಡುವುದು ಇದಕ್ಕೇ. ಆದರೆ ಸುಳ್ಳೂ ಚೆನ್ನಾಗಿ ಹೊಂದಿಕೊಳ್ಳಬಲ್ಲದು. ಕೀಳು ಹುಟ್ಟಿಗೆ ಹಿಂದಿನ ಕರ್ಮ ಕಾರಣ. ಹಿಂದೆ ಕರ್ಮ ಕೆಟ್ಟಿತ್ತು ಎಂಬುದಕ್ಕೆ ಈ ಹುಟ್ಟೇ ಪುರಾವೆ! ಜಾತಿಯ ಕಮಾನು ಸಾವಿರಾರು ವರ್ಷ ನಿಂತಿದ್ದು ಹೀಗೆ. ಅದರೊಳಗೆ ಬಿರುಕಿಲ್ಲ, ಹೊರಗಿನ ನೆಲದ ಸಂಪರ್ಕವೂ ಇಲ್ಲ.

ಮೂರನೆಯದು ವಿಶ್ವಾಸಾರ್ಹತೆಯ ವಾದ. ಆಲ್ವಿನ್ ಗೋಲ್ಡ್‌ಮನ್ 1979ರಲ್ಲಿ ಹೇಳಿದ್ದು: ಬಹುಪಾಲು ನಿಜವನ್ನೇ ಕೊಡುವ ದಾರಿಯಿಂದ ಬಂದ ನಂಬಿಕೆ ಸಮರ್ಥ. ಕಣ್ಣು, ನೆನಪು, ಇನ್ನೊಬ್ಬರ ಮಾತು ಇಂಥ ದಾರಿಗಳು. ಹಾಗಾದರೆ ಯಾರ ಮಾತು? ನ್ಯಾಯದರ್ಶನ ಶಬ್ದವನ್ನೂ ಪ್ರಮಾಣ ಎನ್ನುತ್ತದೆ. ಕಂಡದ್ದನ್ನು ಕಂಡಂತೆ ಹೇಳುವವನೇ ಆಪ್ತ. ಋಷಿ, ಆರ್ಯ, ಮ್ಲೇಚ್ಛ ಮೂವರಿಗೂ ಈ ಲಕ್ಷಣ ಸಮಾನ ಎಂದು ಭಾಷ್ಯಕಾರ ವಾತ್ಸ್ಯಾಯನ ಒಪ್ಪುತ್ತಾನೆ. ಪುಸ್ತಕದಲ್ಲಿ ಒಪ್ಪಿದ್ದು ಊರೊಳಗೆ ನಡೆಯಲಿಲ್ಲ. ಹೇಳುವವರು ಯಾರೆಂದು ನೋಡಿ ಮಾತಿನ ಬೆಲೆ ಇಳಿಸುವುದನ್ನು ಮಿರಾಂಡಾ ಫ್ರಿಕರ್ 2007ರಲ್ಲಿ ಅರಿವಿನ ಅನ್ಯಾಯ ಎಂದು ಕರೆದರು. ಹೊಲಗೇರಿಗೆ ಅದು ಹಳೇ ಸುದ್ದಿ.

ಸಮಗಾರ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಯ ಕಥೆ ತೆಗೆದುಕೊಳ್ಳಿ. ಸಮಕಾಲೀನ ಶಾಸನ ಇದಕ್ಕಿಲ್ಲ. ಶಾಸನಗಳು ಬಹುಮಟ್ಟಿಗೆ ದಾನ ಕೊಟ್ಟವರ, ಪಡೆದವರ ದಾಖಲೆ. ಚಪ್ಪಲಿ ಹೊಲಿಯುವವನ ಮನೆಯ ಮದುವೆಯನ್ನು ಯಾರು ಕೆತ್ತಿಸಬೇಕಿತ್ತು? ಕಲ್ಲಿಲ್ಲ ಎಂಬುದರಿಂದ ಕಥೆ ಸುಳ್ಳಾಗದು. ಹಾಗೆಂದು ನಮಗೆ ಬೇಕು ಎಂಬುದರಿಂದಲೇ ಅದು ಚರಿತ್ರೆಯೂ ಆಗದು.

ಇದು ಬರೀ ಪಂಡಿತರ ಜಗಳವಲ್ಲ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸಾಬೀತಾಗಲಿಲ್ಲ ಎಂದರೆ ನಡೆಯಲಿಲ್ಲ ಎಂದಲ್ಲ. ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಕೇಳುವುದು ನ್ಯಾಯವೇ. ಆದರೆ ಸಾಕ್ಷಿ ನಿರ್ಭಯವಾಗಿ ನಿಲ್ಲುವ ನೆಲ ಇಲ್ಲದ ಕಡೆ ಆ ಅಳತೆಗೋಲು ಬಲಿಷ್ಠನ ಕಡೆಗೇ ವಾಲುತ್ತದೆ.

ದಲಿತ ವಿಮರ್ಶೆ ಅನುಭವವನ್ನು ಪ್ರಮಾಣ ಎಂದಾಗ 'ಅನುಭವಿಸಿದವನು ಹೇಳಿದ್ದೆಲ್ಲ ಸರಿ' ಎಂದು ಅರ್ಥವಲ್ಲ. ಆ ಮಾತಿಗೂ ಮಿಕ್ಕವರ ಮಾತಿನಷ್ಟೇ ಮೊದಲ ನಂಬಿಕೆ ಸಲ್ಲಬೇಕು, ಆಮೇಲೆ ಅಷ್ಟೇ ಕಟ್ಟುನಿಟ್ಟಿನ ಪರೀಕ್ಷೆ ನಡೆಯಬೇಕು. ನಾವು ಕೇಳುತ್ತಿರುವುದು ರಿಯಾಯಿತಿಯನ್ನಲ್ಲ, ಒಂದೇ ತಕ್ಕಡಿಯನ್ನು.